ಅಡಿಕೆ ತೋಟದ ಕಿತ್ತಳೆ ತಲೆಯ ಹಕ್ಕಿ ಹಿಮಾಲಯದಿಂದ ದಾರಿ ತಪ್ಪಿ ಬಂದದ್ದೇ?

ಕಿತ್ತಳೆ ಬಣ್ಣದ ತಲೆ, ಬೂದು ಮಿಶ್ರಿತ ನೀಲಿ ಬೆನ್ನು, ಬಿಳಿ ಕೆನ್ನೆಯ ಮೇಲೆ ಎರಡು ಕಪ್ಪು ಗೀರು. ಶಿವನಿ, ತರೀಕೆರೆ ಕಡೆಯ ತೋಟದಲ್ಲಿ ತೆಗೆದ ಇಂಥ ಫೋಟೊದ ಕೆಳಗೆ ‘ಹಿಮಾಲಯದ ಅಪರೂಪದ ಹಕ್ಕಿ ದಾರಿ ತಪ್ಪಿ ನಮ್ಮೂರಿಗೆ ಬಂದಿದೆ, ಎಲ್ಲರಿಗೂ ಕಳಿಸಿ’ ಎಂದಿದ್ದರೆ ನಂಬಬೇಕೇ? ಕೆನ್ನೆಯ ಗೀರು ಕಾಣುತ್ತಿದ್ದರೆ ಬೇಡ. ಅದು ಇಲ್ಲಿಯದೇ ಹಕ್ಕಿ.

ಇದರ ಹೆಸರು ಕಿತ್ತಳೆ ತಲೆಯ ನೆಲಸಿಳ್ಳಾರ. ಗೊರವಂಕಕ್ಕಿಂತ ತುಸು ಚಿಕ್ಕದು. ನೆರಳಿರುವ ನೆಲದಲ್ಲಿ ತರಗೆಲೆ ಮಗುಚುತ್ತಾ ಹುಳ, ಎರೆಹುಳು ಹುಡುಕುತ್ತದೆ. ಹೀಗಾಗಿ ಹತ್ತಿರದಲ್ಲೇ ಇದ್ದರೂ ಕಣ್ಣಿಗೆ ಬೀಳುವುದು ಕಡಿಮೆ. ಬಿದ್ದಾಗ ಹೊರಗಿನಿಂದ ಬಂದದ್ದು ಅನ್ನಿಸುತ್ತದೆ, ಅಷ್ಟೇ.

ಹಾಗಾದರೆ ಹಿಮಾಲಯದ ಮಾತು ಎಲ್ಲಿಂದ ಬಂತು? ಅದೂ ಪೂರ್ತಿ ಸುಳ್ಳಲ್ಲ. ಭಾರತದಿಂದ ಜಾವಾ, ಬೋರ್ನಿಯೊವರೆಗೆ ಹರಡಿರುವ ಈ ಪ್ರಭೇದದಲ್ಲಿ ಹತ್ತಕ್ಕೂ ಹೆಚ್ಚು ಉಪಪ್ರಭೇದಗಳಿವೆ. ಉಪಪ್ರಭೇದ ಎಂದರೆ ಬೇರೆ ಜಾತಿಯಲ್ಲ. ಒಂದೇ ಹಕ್ಕಿ ಒಂದೊಂದು ಸೀಮೆಯಲ್ಲಿ ತಳೆದ ಒಂದೊಂದು ರೂಪ. ಅಂಡಮಾನ್‌ಗೆ ಒಂದು, ನಿಕೋಬಾರ್‌ಗೆ ಇನ್ನೊಂದು. ಹಿಮಾಲಯದ ತಪ್ಪಲಲ್ಲಿ ಮರಿ ಮಾಡುವುದು ‘ಸಿಟ್ರಿನಾ’. ಅದರ ಮುಖವೆಲ್ಲ ಕಿತ್ತಳೆ, ಗೀರಿಲ್ಲ. ದಕ್ಷಿಣ ಗುಜರಾತ್‌ನಿಂದ ಒಡಿಶಾದವರೆಗೆ ಗೆರೆ ಎಳೆದರೆ ಅದರ ಕೆಳಗಿನ ಪರ್ಯಾಯ ದ್ವೀಪದಲ್ಲಿ ನೆಲೆಸಿರುವುದು ‘ಸಯನೋಟಸ್’. ಇದರದು ಬಿಳಿ ಗಂಟಲು, ಕೆನ್ನೆಯಲ್ಲಿ ಎರಡು ಗೀರು. 1828ರಲ್ಲೇ ವಿಜ್ಞಾನಿಗಳು ಇದನ್ನು ಹೆಸರಿಸಿದ್ದರು. ಮುಂಗಾರಿನಲ್ಲಿ ಇಲ್ಲೇ ಗೂಡು ಕಟ್ಟುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ. ಚಳಿಗಾಲದಲ್ಲಿ ಸಿಟ್ರಿನಾ ದಕ್ಷಿಣಕ್ಕೆ ಇಳಿಯುತ್ತದೆ, ಶ್ರೀಲಂಕಾದವರೆಗೂ ಹೋಗುತ್ತದೆ. ಹಾಗಾಗಿ ಡಿಸೆಂಬರ್‌ನಲ್ಲಿ ಗೀರಿಲ್ಲದ ಹಕ್ಕಿ ಕಂಡರೆ ಅದು ನಿಜಕ್ಕೂ ಉತ್ತರದ ಅತಿಥಿ ಇರಬಹುದು. ಆಗಲೂ ಅದು ದಾರಿ ತಪ್ಪಿದ್ದಲ್ಲ, ಪ್ರತಿವರ್ಷದ ವಲಸೆ. ಒಂದು ಫೋಟೊ ಹಿಡಿದು ‘ಹವಾಮಾನ ಕೆಟ್ಟಿದ್ದಕ್ಕೆ ಸಾಕ್ಷಿ’ ಎನ್ನಲಾಗದು.

ಇಂಥ ಫಾರ್ವರ್ಡ್‌ನಿಂದ ಯಾರಿಗೇನು ನಷ್ಟ ಎನ್ನಬಹುದು. ನಮಗೆ ಹೆಚ್ಚು ಚಿಂತೆ ತರುವುದು ‘ಅಪರೂಪ’ ಎಂಬ ಪದದ ಜೊತೆ ತೋಟದ ಲೊಕೇಶನ್ ಕೂಡ ಹೋಗುವುದು. ಈ ಹಕ್ಕಿ ಚೆನ್ನಾಗಿ ಹಾಡುತ್ತದೆ. ಜಾವಾ, ಬಾಲಿಯಲ್ಲಿ ಇದೇ ಹಕ್ಕಿಯನ್ನು ಹಾಡಿನ ಸ್ಪರ್ಧೆಗೆಂದು ಪಂಜರದಲ್ಲಿ ಸಾಕುತ್ತಾರೆ. ಅದಕ್ಕಾಗಿ ಕಾಡಿನಿಂದ ಹಿಡಿದು ತರುವುದೂ ನಡೆದಿದೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಹೀಗೆ ಹಿಡಿಯುವುದು ಅಪರಾಧ.

ಫೋಟೊ ಹಂಚಲೇಬೇಕೆಂದರೆ ತಾಲ್ಲೂಕಿನ ಹೆಸರು, ತಿಂಗಳು ಬರೆದರೆ ಸಾಕು. ಕೆನ್ನೆ ಕಾಣುವಂತೆ ಪಕ್ಕದಿಂದ ತೆಗೆದದ್ದಾದರೆ ಯಾವ ಉಪಪ್ರಭೇದವೆಂದು ನೋಡಿದವರೇ ಹೇಳಬಹುದು.