ಧಾತುವನ್ನರಿಯದ ಪದಪಾಠ

ಭದ್ರಾವತಿಯ ಕಾಗದನಗರದಲ್ಲಿ 1936ರಲ್ಲಿ ಸ್ಥಾಪಿತವಾದ ಮೈಸೂರು ಪೇಪರ್ ಮಿಲ್ಸಿನ ಯಂತ್ರಗಳು ನಿಂತುಹೋಗಿರುವುವು. ಆದರೆ ಅಲ್ಲಿಯೂ ಶಿವಮೊಗ್ಗೆಯಲ್ಲಿಯೂ ಅಪರೂಪದ ಇಂಗ್ಲಿಷು ಪದಗಳ ಪಟ್ಟಿಗಳು ಬಾಲಕರ ಕೈಸೇರುವುದು ನಿಂತಿಲ್ಲ. ದಿನಕ್ಕಿಷ್ಟು ಪದಗಳೆಂದು ಗಿಳಿಪಾಠ ಮಾಡಿಸುವುದೇ ವಿದ್ಯೆಯೆಂದು ತಂದೆತಾಯಿಗಳು ನಂಬಿರುವರು. ಇದು ವಿದ್ಯೆಯಲ್ಲ, ಹೊರೆ. ಅರ್ಥವರಿಯದೆ ವೇದವನ್ನೋದಿದವನನ್ನು ಯಾಸ್ಕನ ನಿರುಕ್ತವು ಭಾರ ಹೊತ್ತ ಕಂಬಕ್ಕೆ ಹೋಲಿಸಿರುವುದು. ವೇದಕ್ಕೇ ಆ ಮಾತಾದರೆ ಪದಪಟ್ಟಿಗೆ ಹೇಳತಕ್ಕುದೇನು?

'ಸೋಮ್ನಾಂಬ್ಯುಲಿಸ್ಟ್' ಎಂದರೆ ನಿದ್ರೆಯಲ್ಲಿ ನಡೆಯುವವನೆಂದು ಹುಡುಗನು ಥಟ್ಟನೆ ಹೇಳುವನು. ಏಕೆಂದು ಕೇಳಿದರೆ ಮೌನ. ಲ್ಯಾಟಿನ್ ಭಾಷೆಯಲ್ಲಿ 'ಸೋಮ್ನುಸ್' ಎಂದರೆ ನಿದ್ರೆ; ಅದು ನಮ್ಮ 'ಸ್ವಪ್ನ'ದ ಬಂಧು. 'ಆಂಬುಲಾರೆ' ಎಂದರೆ ನಡೆಯುವುದು. ಸೈನ್ಯದೊಡನೆ ಸಂಚರಿಸುವ ಆಸ್ಪತ್ರೆಯೆಂಬ ಅರ್ಥದಿಂದಲೇ, ಬೀದಿಯ ಮಕ್ಕಳೆಲ್ಲರೂ ಬಲ್ಲ 'ಆಂಬ್ಯುಲೆನ್ಸ್' ಹುಟ್ಟಿತು. ಹೀಗೆಯೇ 'ಇಗ್ನಿಸ್' ಅಗ್ನಿಯ ಬಂಧು. ಅಗ್ನಿಜಶಿಲೆಗೆ 'ಇಗ್ನಿಯಸ್' ಎಂಬ ಹೆಸರು ಅದರಿಂದ ಬಂದಿತು. 1923ರಿಂದ ಕಬ್ಬಿಣವನ್ನು ಕರಗಿಸಿದ ಭದ್ರಾವತಿಯ ಬಾಲಕನು ರಸಾಯನಶಾಸ್ತ್ರದಲ್ಲಿ ಕಬ್ಬಿಣದ ಸಂಕೇತವನ್ನು 'ಎಫ್‌ಇ' ಎಂದು ಬರೆಯುವನು. ಅದು ಲ್ಯಾಟಿನ್ನಿನ 'ಫೆರ್ರುಮ್' ಎಂದು ಒಮ್ಮೆ ತಿಳಿಸಿದರೆ, ಕಬ್ಬಿಣದ ಅಂಶವುಳ್ಳದ್ದೆಂಬರ್ಥದ 'ಫೆರುಜಿನಸ್' ಅವನಿಗೆ ಪರಕೀಯವಾದೀತೇ?

ಪಂಡಿತರಿಗೂ ಇಲ್ಲಿ ಒಂದು ಎಚ್ಚರಿಕೆಯುಂಟು. ಸಂಸ್ಕೃತವೇ ಲ್ಯಾಟಿನ್ನಿನ ತಾಯಿಯೆಂದು ಸಾರುವುದು ಅಭಿಮಾನವೇ ಹೊರತು ಶಾಸ್ತ್ರವಲ್ಲ. ಇವೆರಡೂ ಒಂದೇ ಮೂಲದ ಸೋದರಿಯರಾಗಿರಬೇಕೆಂಬ ಅಭಿಪ್ರಾಯವನ್ನು ವಿಲಿಯಂ ಜೋನ್ಸನು 1786ರಲ್ಲಿ ಕಲಕತ್ತೆಯಲ್ಲಿ ಮುಂದಿಟ್ಟನು. ಮುಂದಿನ ವಿದ್ವಾಂಸರು ಅದನ್ನು ಸ್ಥಿರಪಡಿಸಿದರು. ಕೇವಲ ಧ್ವನಿಸಾಮ್ಯವನ್ನು ನಂಬುವುದೂ ತಪ್ಪು. ಹಗಲೆಂಬ ಅರ್ಥದ ಲ್ಯಾಟಿನ್ 'ದಿಯೆಸ್' ನಮ್ಮ 'ದಿವ'ದ ಬಂಧುವೇ ಸರಿ; ಇಂಗ್ಲಿಷಿನ 'ಡೇ' ಅದಕ್ಕೆ ನಂಟಲ್ಲ.

ಪರೀಕ್ಷೆ ಸಮೀಪಿಸಿರುವಾಗ ಧಾತುವಿಚಾರಕ್ಕೆ ವೇಳೆಯೆಲ್ಲಿ ಎಂಬುದು ಪೂರ್ವಪಕ್ಷ. ವೇಳೆಯಿಲ್ಲದವನಿಗೇ ಧಾತು ಬೇಕು. ಒಂದು ಬೇರನ್ನು ಹಿಡಿದವನಿಗೆ ಹತ್ತು ಕೊಂಬೆಗಳು ದೊರೆಯುವುವು. ಎಲೆಗಳನ್ನು ಒಂದೊಂದಾಗಿ ಎಣಿಸುವವನಿಗೆ ಪರೀಕ್ಷೆಯ ಮರುದಿನವೇ ಎಲ್ಲವೂ ಉದುರಿಹೋಗುವುವು.

ಪಟ್ಟಿಗಳಲ್ಲಿ 'ಸೆಸ್ಕ್ವಿಪಿಡೇಲಿಯನ್' ಎಂಬ ಪದವೊಂದು ಬರುವುದು. 'ಸೆಸ್ಕ್ವಿ' ಎಂದರೆ ಒಂದೂವರೆ. 'ಪೆಸ್' ಎಂದರೆ ಪಾದ. ಒಂದೂವರೆ ಅಡಿಯುದ್ದದ ಮಾತುಗಳನ್ನು ಮೆರೆಸುವವರನ್ನು ಪರಿಹಾಸ್ಯ ಮಾಡಲು ಆ ಪದವು ಸಲ್ಲುವುದು. ಬಂಧುಗಳ ಮುಂದೆ ಮಗುವಿನಿಂದ ಅದನ್ನು ಒಪ್ಪಿಸಿ ಹಿಗ್ಗುವ ಹಿರಿಯರು, ಪರಿಹಾಸ್ಯವು ಯಾರ ಮೇಲೆಂಬುದನ್ನು ತಾವೇ ವಿಚಾರಿಸಿಕೊಳ್ಳಲಿ.