ಮಗುವಿನ ಮುಖ ನೋಡಲೂ ಅರ್ಜಿ ಹಾಕಬೇಕೆ?

ಸಂಜೆ ಬಸ್ಸಿಗೆ ಕಾಯುವವರ ಕೈಚೀಲದಲ್ಲಿ ಏನೇನು ಇರುತ್ತದೋ ಯಾರಿಗೆ ಗೊತ್ತು? ಒಬ್ಬಾಕೆಯ ಚೀಲದಲ್ಲಿ ಮಗನಿಗೆಂದು ತಂದ ಚಕ್ಕುಲಿ, ಹೊಸ ಅಂಗಿ ಹಾಗೇ ವಾಪಸು ಹೋಗುತ್ತಿರುತ್ತವೆ. ಗಂಡ ತೀರಿಕೊಂಡ ಮೇಲೆ ಆಕೆ ಕೆಲಸಕ್ಕೆಂದು ಬೇರೆ ಊರಿಗೆ ಹೋದಳು. ಮಗು ಅಜ್ಜಿ ತಾತನ ಹತ್ತಿರ ಉಳಿಯಿತು. ಬರಬರುತ್ತಾ ಮಾತು ಕೆಟ್ಟಿತು, ಕೋರ್ಟು ಹತ್ತಿದ್ದಾಯಿತು, ಮಗು ತಾತನ ಸುಪರ್ದಿಗೆ ಹೋಯಿತು. ಈಗ ನೋಡಲು ಹೋದರೆ ಬಾಗಿಲಲ್ಲೇ ಉತ್ತರ: "ಮಗು ಮಲಗಿದೆ, ಇನ್ನೊಂದು ದಿನ ಬಾಮ್ಮ."

ಇದು ಒಂದೇ ಮನೆಯ ಕತೆಯಲ್ಲ. ಕೆಲವು ಕಡೆ ತಾಯಿಯ ಜಾಗದಲ್ಲಿ ತಂದೆ ನಿಂತಿರುತ್ತಾನೆ, ಅಷ್ಟೇ.

ಅಜ್ಜಿ ತಾತ ಕೆಟ್ಟವರೆಂದು ನಾವು ಹೇಳುತ್ತಿಲ್ಲ. ಅಸಲಿಗಿಂತ ಬಡ್ಡಿಯ ಮೇಲೆ ಪ್ರೀತಿ ಹೆಚ್ಚು ಅನ್ನೋದನ್ನು ಅಂಗಡಿಯವರಿಗೆ ಹೇಳಿಕೊಡಬೇಕೆ? ಮಗನನ್ನು ಕಳಕೊಂಡ ಮುದುಕರಿಗೆ ಮೊಮ್ಮಗನಲ್ಲೇ ಮಗ ಕಾಣುತ್ತಾನೆ. ಇವನೂ ಕೈಬಿಟ್ಟು ಹೋದರೆ ಎಂಬ ಭಯ. ಭಯ ನಿಜ, ಆದರೆ ಬಾಗಿಲು ಹಾಕುವುದು ತಪ್ಪು.

ಕಾನೂನು ಏನೆನ್ನುತ್ತದೆ? ಹಿಂದೂಗಳಿಗೆ ಅನ್ವಯವಾಗುವ 1956ರ ಕಾಯ್ದೆಯಂತೆ ತಂದೆಯ ನಂತರ ತಾಯಿಯೇ ಸಹಜ ಪಾಲಕಿ. ಆದರೆ ಎಲ್ಲಕ್ಕಿಂತ ದೊಡ್ಡದು ಮಗುವಿನ ಹಿತ. ಅದಕ್ಕೇ ಕೆಲವು ಸಲ ಕೋರ್ಟು ಅಜ್ಜಿ ತಾತನಿಗೆ ಮಗುವನ್ನು ಒಪ್ಪಿಸುತ್ತದೆ. 2008ರಲ್ಲಿ ಪಶ್ಚಿಮ ಬಂಗಾಳದ ಒಂದು ಪ್ರಕರಣದಲ್ಲಿ ತಂದೆ ಬದುಕಿದ್ದರೂ ಸುಪ್ರೀಂ ಕೋರ್ಟು ಹುಡುಗನನ್ನು ತಾಯಿಯ ತಂದೆತಾಯಿಗೇ ಬಿಟ್ಟಿತು. ಹೆಂಡತಿಯ ಸಾವಿನ ಬಗ್ಗೆ ಆ ತಂದೆಯ ಮೇಲೆ ಕೇಸಿತ್ತು. ಹುಡುಗನೂ ಅಜ್ಜನ ಮನೆಯೇ ಬೇಕೆಂದಿದ್ದ.

ಆದರೆ ಸುಪರ್ದಿ ಎಂದರೆ ಕ್ರಯಪತ್ರವಲ್ಲ ಸ್ವಾಮಿ! ಮಕ್ಕಳು ಸಾಮಾನಲ್ಲ, ಆಟದ ಬೊಂಬೆಯೂ ಅಲ್ಲ ಎಂದು ಸುಪ್ರೀಂ ಕೋರ್ಟು 1973ರಲ್ಲೇ ಹೇಳಿತ್ತು. ಸುಪರ್ದಿಯ ಆದೇಶ ಶಾಶ್ವತವಲ್ಲ, ಪರಿಸ್ಥಿತಿ ಬದಲಾದರೆ ಅದೂ ಬದಲಾಗಬಹುದು ಎಂದೂ ಹೇಳಿತ್ತು. ಗಂಡ ಹೆಂಡಿರ ನಡುವಿನ ಇನ್ನೊಂದು ಪ್ರಕರಣದಲ್ಲಿ, 2020ರಲ್ಲಿ, ಅದೇ ಕೋರ್ಟು ಮತ್ತೊಂದು ಒಳ್ಳೆಯ ಮಾತು ಹೇಳಿತು: ಸುಪರ್ದಿ ಸಿಗದ ತಂದೆಗೋ ತಾಯಿಗೋ, ವಿಶೇಷ ಕಾರಣ ಇಲ್ಲದಿದ್ದರೆ, ದಿನಕ್ಕೆ 5ರಿಂದ 10 ನಿಮಿಷ ಮಗುವಿನ ಜೊತೆ ಮಾತಾಡುವ ಹಕ್ಕಿರಬೇಕು. ಈ ನ್ಯಾಯ ಅಜ್ಜನ ಮನೆಗೂ ಹೊಂದಬೇಕು ಎಂಬುದು ನಮ್ಮ ಅಭಿಪ್ರಾಯ.

ಭೇಟಿಗೆ ಅರ್ಜಿ ಹಾಕುವವರು ಒಂದು ವಿಷಯ ನೆನಪಿಡಲಿ. "ಆಗಾಗ ತೋರಿಸತಕ್ಕದ್ದು" ಎಂಬ ಆದೇಶದಿಂದ ಪ್ರಯೋಜನವಿಲ್ಲ. ಯಾವ ವಾರ, ಎಷ್ಟು ಗಂಟೆಗೆ, ಎಲ್ಲಿ, ಕರಕೊಂಡು ಬರುವವರು ಯಾರು, ಹಬ್ಬ ಮತ್ತು ಬೇಸಿಗೆ ರಜೆಯಲ್ಲಿ ಏನು, ಫೋನು ಯಾವ ಹೊತ್ತಿಗೆ, ಇಷ್ಟನ್ನೂ ಬರೆಸಿಕೊಳ್ಳಬೇಕು. ಪಾಲಿಸದಿದ್ದರೆ ಅದೇ ಕೋರ್ಟಿಗೆ ಹೋಗಿ ಹೇಳಬೇಕು. ಬಾಗಿಲಲ್ಲಿ ಕೂಗಾಡಿದರೆ ಹೆದರುವುದು ಮಗು. ವಕೀಲರ ಫೀಜಿಗೆ ಹಣವಿಲ್ಲವೆಂದು ಹಿಂಜರಿಯಬೇಡಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ನೆರವಿದೆ. 15100ಕ್ಕೆ ಫೋನು ಮಾಡಿದರೂ ದಾರಿ ಹೇಳುತ್ತಾರೆ.

ನೋಡಲು ಬರುವವರಿಗೂ ಜವಾಬ್ದಾರಿಯುಂಟು. ಹೇಳಿದ ಹೊತ್ತಿಗೆ ಬರಬೇಕು, ಕುಡಿದು ಬರಬಾರದು, ಜಗಳಕ್ಕೆ ನಾಲ್ಕು ಜನರನ್ನು ಕಟ್ಟಿಕೊಂಡು ಬರಬಾರದು. ಹಿಂದೆ ಮಗುವನ್ನು ಹೊಡೆದು ಬಡಿದವರಾದರೆ ಭೇಟಿ ಬೇರೆಯವರ ಎದುರಲ್ಲೇ ನಡೆಯಲಿ. ಹಾಗೇ ಅಜ್ಜಿ ತಾತಂದಿರು "ನಿಮ್ಮಮ್ಮ ನಿನ್ನನ್ನು ಬಿಟ್ಟು ಓಡಿಹೋದಳು" ಎಂದು ಮಗುವಿನ ಕಿವಿಗೆ ವಿಷ ಹಾಕುವುದು ನಿಲ್ಲಲಿ. ನಾಳೆ ಆ ಮುದುಕರು ಹೋದ ಮೇಲೆ ಮಗುವಿಗೆ ಉಳಿಯುವವಳು ಅದೇ ತಾಯಿ.

ಕೋರ್ಟಿನ ವರಾಂಡದಲ್ಲಿ, ಕರಿಕೋಟುಗಳ ಓಡಾಟದ ನಡುವೆ, ಮಗುವನ್ನು ತಾಯಿಗೆ ತೋರಿಸುವ ಪದ್ಧತಿ ಎಲ್ಲೂ ಇರಬಾರದು. ಪ್ರತಿ ಜಿಲ್ಲಾ ಕೇಂದ್ರದಲ್ಲೂ ಇದಕ್ಕೊಂದು ಕೋಣೆ, ಒಂದು ಚಾಪೆ, ನಾಲ್ಕು ಆಟದ ಸಾಮಾನು ಇರಲಿ. ಖರ್ಚು ಎಷ್ಟು ಮಹಾ?

ಕೊನೆಗೆ ಓದುಗರಿಗೊಂದು ಮಾತು. ನಿಮ್ಮ ಬೀದಿಯಲ್ಲೂ ಇಂಥದೊಂದು ಮನೆ ಇರಬಹುದು. ಎದುರು ಅಂಗಡಿಯ ಯಜಮಾನರು "ಅಜ್ಜಾ, ಅವಳೂ ಹೆತ್ತವಳಲ್ಲವೇ, ಒಳಗೆ ಕರೀರಿ" ಎಂದು ಒಂದು ಮಾತು ಹೇಳಿದರೆ ಎಷ್ಟೋ ಅರ್ಜಿಗಳು ಕೋರ್ಟಿನವರೆಗೆ ಹೋಗುವುದೇ ಇಲ್ಲ. ಚಕ್ಕುಲಿಯ ಪೊಟ್ಟಣ ವಾಪಸು ಬಸ್ಸು ಹತ್ತಬಾರದು.