ತಾರೀಖು ಅಳಿಸು ಅಂದರೆ?

ಅಂಗಡಿಯಲ್ಲಿ ದುಡಿಯುವ ಹುಡುಗನಿಗೆ ಧಣಿ, ‘ಈ ಪ್ಯಾಕೆಟಿನ ತಾರೀಖು ಅಳಿಸಿ ಹೊಸ ಸ್ಟಿಕ್ಕರ್ ಹಚ್ಚು’ ಅಂದರೆ? ‘ಹೇಳಿದ್ದು ಧಣಿ, ಪಾಪವೂ ಅವರಿಗೇ’ ಎಂಬ ಮಾತು ನಮ್ಮ ಮನೆಗಳಲ್ಲಿದೆ. ನಾವು ಒಪ್ಪುವುದಿಲ್ಲ. ಪಾಪದ ಕೆಲಸಕ್ಕೆ ಸಹಕರಿಸುವುದನ್ನೇ ಕುರ್‌ಆನ್ ತಡೆದಿದೆ. ಸ್ಟಿಕ್ಕರ್ ಹಚ್ಚಿದ ಕೈ ಹುಡುಗನದ್ದೇ ತಾನೆ?

ಬೇಡ ಅಂದರೆ ಕೆಲಸ ಹೋದೀತೆಂಬ ಹೆದರಿಕೆ ಸುಳ್ಳಲ್ಲ. ಸಾಲ, ತಂಗಿಯ ಮದುವೆ ಎಲ್ಲ ಇರುತ್ತದೆ. ಆದರೆ 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಪ್ರಕಾರ, ಸತತ 6 ತಿಂಗಳು ದುಡಿದವನನ್ನು ಸರಿಯಾದ ಕಾರಣವಿಲ್ಲದೆ ತೆಗೆಯುವ ಹಾಗಿಲ್ಲ. 1 ತಿಂಗಳ ನೋಟಿಸ್ ಇಲ್ಲವೇ ಸಂಬಳವನ್ನೂ ಕೊಡಬೇಕು. ಸುಮ್ಮನೆ ತೆಗೆದರೆ ಕಾರ್ಮಿಕ ಇಲಾಖೆಗೆ ಹೋಗಿ. ಸಂಬಳದ ಚೀಟಿ ಜೋಪಾನ.

ಜಮಾಅತ್ ಕಮಿಟಿಗಳಲ್ಲಿ ಅಂಗಡಿಯವರು ತುಂಬ ಇದ್ದೀರಿ. ಹಾಗೆ ಕೆಲಸ ಕಳಕೊಂಡವನನ್ನು ಮೊದಲು ನೀವೇ ಕರೆಯಿರಿ. ಮನೆಯವರೂ ಅವನನ್ನು ಬೈಯಬೇಡಿ.